ಒಂದೇ ಇಮೇಜ್, ಹತ್ತಾರು ಬಗೆಯ ಹಳೆಯ ಕಂಪ್ಯೂಟರ್‌ಗಳು: ಆಪರೇಟಿಂಗ್ ಸಿಸ್ಟಮ್ ಅಳವಡಿಕೆಯ ಸಮಗ್ರ ಮಾರ್ಗದರ್ಶಿ

ಒಂದೇ ಮಾದರಿಯ ಐವತ್ತು ಹೊಸ ಕಂಪ್ಯೂಟರ್‌ಗಳಿಗೆ ಆಪರೇಟಿಂಗ್ ಸಿಸ್ಟಮ್ ಹಾಕುವುದು ದೊಡ್ಡ ಕೆಲಸವೇನಲ್ಲ. ಒಂದನ್ನು ಚೆನ್ನಾಗಿ ಸಿದ್ಧಪಡಿಸಿ, ಅದರ ಡಿಸ್ಕಿನ ನಕಲು (ಇಮೇಜ್) ತೆಗೆದು, ಉಳಿದ ನಲವತ್ತೊಂಬತ್ತಕ್ಕೆ ಇಳಿಸಿದರೆ ಮುಗಿಯಿತು. ಹಳೆಯ ಕಂಪ್ಯೂಟರ್‌ಗಳನ್ನು ಸಜ್ಜುಗೊಳಿಸಿ ಮತ್ತೆ ಬಳಕೆಗೆ ಕೊಡುವ ರಿಫರ್ಬಿಶ್ ಕೆಲಸದಲ್ಲಿರುವವರ ಮೇಜಿಗೆ ಅಂಥ ರಾಶಿ ಬರುವುದು ಅಪರೂಪ. ಡೆಲ್‌ನ ಹನ್ನೆರಡು ಡೆಸ್ಕ್‌ಟಾಪ್ ಬಂದರೆ ಅವುಗಳಲ್ಲೇ ಮೂರು ತಲೆಮಾರು ಇರುತ್ತವೆ. ಎಚ್‌ಪಿ, ಲೆನೊವೊ ಲ್ಯಾಪ್‌ಟಾಪ್‌ಗಳು ಒಂಬತ್ತು ಬಗೆಯವು. ಅವುಗಳ ಹಿಂದೆ, ಯಾರೋ ಬಿಡಿಭಾಗ ಜೋಡಿಸಿ ಕಟ್ಟಿದ, ಹೆಸರೇ ಇಲ್ಲದ ನಾಲ್ಕು ಡಬ್ಬಿಗಳು. ಕೆಲವಕ್ಕೆ ಹಾರ್ಡ್ ಡಿಸ್ಕ್, ಕೆಲವಕ್ಕೆ ಸಾಟಾ ಕೊಂಡಿಯ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ದತ್ತಾಂಶ ಇಡುವ ಡಿಸ್ಕ್), ಉಳಿದವಕ್ಕೆ ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ.

ಇಂಥ ರಾಶಿಗೆ ಒಂದು ಲ್ಯಾಪ್‌ಟಾಪಿನ ಡಿಸ್ಕ್ ನಕಲನ್ನು ನೇರವಾಗಿ ಇಳಿಸಿ ನೋಡಿದವರಿಗೆ ಆಗುವುದೇನೆಂದು ಗೊತ್ತಿರುತ್ತದೆ. ಒಂದು ಯಂತ್ರ ನೀಲಿ ಪರದೆಗೆ ಬಂದು ನಿಲ್ಲುತ್ತದೆ. ಇನ್ನೊಂದು ಬೂಟ್ ಆಗುತ್ತದೆ, ಆದರೆ ವೈ-ಫೈ ಇರುವುದಿಲ್ಲ. ಮತ್ತೊಂದು ಎಲ್ಲ ಸರಿಯಿದ್ದಂತೆ ತೋರಿ, ತನ್ನದಲ್ಲದ ಟಚ್‌ಪ್ಯಾಡಿನ ತಂತ್ರಾಂಶವನ್ನು ಹೊತ್ತುಕೊಂಡು ಪ್ರತಿ ಸಲ ಶುರುವಾದಾಗಲೂ ದೋಷದ ಸಂದೇಶ ತೋರಿಸುತ್ತಿರುತ್ತದೆ. ಆದ್ದರಿಂದ ಇಮೇಜ್‌ನಲ್ಲಿ ಯಾವ ಯಂತ್ರದ ಗುರುತೂ ಉಳಿಯಬಾರದು, ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದೆಲ್ಲವೂ ಇಮೇಜ್‌ನ ಹೊರಗಿದ್ದು ಇಳಿಸುವ ಹೊತ್ತಿಗೆ ಮಾತ್ರ ಬಂದು ಸೇರಬೇಕು ಎಂಬ ನಿಯಮದ ಮೇಲೆ ಮುಂದಿನ ಎಲ್ಲ ಹಂತಗಳೂ ನಿಂತಿವೆ.

ಮೊದಲ ಹಂತ: ಇಮೇಜ್ ಮುಟ್ಟುವ ಮುನ್ನ ವಿಂಗಡಣೆ

ಇಮೇಜ್ ಹಾಕಿದ ಮೇಲೆ ಗೊತ್ತಾಗುವ ತೊಂದರೆಗಳಲ್ಲಿ ಹೆಚ್ಚಿನವು ಇಮೇಜ್‌ಗೆ ಸಂಬಂಧಿಸಿದವೇ ಅಲ್ಲ. ಹಾಗಾಗಿ ಪ್ರತಿ ಯಂತ್ರವನ್ನೂ ಮೊದಲು ಒಂದು ಪೆನ್ ಡ್ರೈವ್‌ನಲ್ಲಿರುವ ಲೈವ್ ಲಿನಕ್ಸ್‌ನಿಂದ (ಡಿಸ್ಕಿಗೆ ಹಾಕದೆಯೇ ನಡೆಯುವ ಆಪರೇಟಿಂಗ್ ಸಿಸ್ಟಮ್) ಬೂಟ್ ಮಾಡಿ, ಅದರ ಜಾತಕವನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳಬೇಕು: ತಯಾರಕರು, ಮಾದರಿ, ಕ್ರಮಸಂಖ್ಯೆ, ಪ್ರೊಸೆಸರ್‌ನ ತಲೆಮಾರು, ರ‍್ಯಾಮ್, ಡಿಸ್ಕಿನ ಬಗೆ ಮತ್ತು ಗಾತ್ರ, ಟಿಪಿಎಂ ಎಂಬ ಭದ್ರತಾ ಚಿಪ್ ಇದೆಯೇ, ಇದ್ದರೆ 1.2 ಆವೃತ್ತಿಯೋ 2.0 ಆವೃತ್ತಿಯೋ, ಬೂಟ್ ಆಗುವುದು ಹೊಸ ಬಗೆಯ ಫರ್ಮ್‌ವೇರ್ (ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಶುರುಮಾಡುವ ತಂತ್ರಾಂಶ) ಆದ ಯುಇಎಫ್ಐ ಕ್ರಮದಲ್ಲೋ ಹಳೆಯ ಬಯೋಸ್ ಕ್ರಮದಲ್ಲೋ. ಡಿಎಂಐಡಿಕೋಡ್, ಎಲ್‌ಎಸ್‌ಪಿಸಿಐ, ಸ್ಮಾರ್ಟ್‌ಸಿಟಿಎಲ್ ಎಂಬ ಮೂರು ಆದೇಶಗಳ ಫಲಿತಾಂಶವನ್ನು ಒಂದು ಪುಟ್ಟ ಸ್ಕ್ರಿಪ್ಟ್ ಮೂಲಕ ಕ್ರಮಸಂಖ್ಯೆಯ ಹೆಸರಿನ ಕಡತಕ್ಕೆ ಬರೆಸಿಕೊಂಡರೆ ಈ ಕೋಷ್ಟಕದ ಹೆಚ್ಚಿನ ಭಾಗ ತಾನಾಗಿಯೇ ತುಂಬುತ್ತದೆ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5, 197 ಮತ್ತು 198ನೇ ಗುಣಗಳನ್ನು ನೋಡಬೇಕು. ಇವು ಕ್ರಮವಾಗಿ ಬದಲಾಯಿಸಲಾದ, ಬದಲಾವಣೆಗೆ ಕಾಯುತ್ತಿರುವ ಮತ್ತು ಓದಲಾಗದ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ತುಣುಕುಗಳ) ಲೆಕ್ಕ. 197ರಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ನಾನು ಆ ಡಿಸ್ಕನ್ನು ಪಕ್ಕಕ್ಕಿಡುತ್ತೇನೆ. ರ‍್ಯಾಮ್‌ಗೆ ಮೆಮ್‌ಟೆಸ್ಟ್86+ ಪೂರ್ಣ ಒಂದು ಸುತ್ತು ಓಡಬೇಕು. ಕೆಟ್ಟ ರ‍್ಯಾಮ್ ಇರುವ ಯಂತ್ರದಲ್ಲಿ ಇಮೇಜ್ ಇಳಿಯುವಾಗಲೇ ದತ್ತಾಂಶ ಕೆಡಬಹುದು, ಆಗ ನೀವು ಗಂಟೆಗಟ್ಟಲೆ ಇಮೇಜ್‌ನಲ್ಲೇ ತಪ್ಪು ಹುಡುಕುತ್ತ ಕೂರುತ್ತೀರಿ.

ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನು ಕೇಳದೆಯೇ ಬದಲಾಯಿಸಿಬಿಡುವುದು ಒಳ್ಳೆಯದು. ಅದು ಸತ್ತಿದ್ದರೆ ವಿದ್ಯುತ್ ತೆಗೆದಾಗಲೆಲ್ಲ ಗಡಿಯಾರ ವರ್ಷಗಳಷ್ಟು ಹಿಂದಕ್ಕೆ ಓಡುತ್ತದೆ. ತಾರೀಕು ತಪ್ಪಾದಾಗ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳೆಲ್ಲ ಅಮಾನ್ಯವಾಗಿ ಕಾಣುತ್ತವೆ, ವಿಂಡೋಸ್ ಸಕ್ರಿಯಗೊಳ್ಳುವುದಿಲ್ಲ, ಲಿನಕ್ಸ್‌ನಲ್ಲಿ ಪ್ಯಾಕೇಜ್ ಪಟ್ಟಿ ಹೊಸದಾಗುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ನೀವು ಕೂತು ಸರಿಪಡಿಸಿದ ಬೂಟ್ ಕ್ರಮ ಮತ್ತು ಡಿಸ್ಕ್ ನಿಯಂತ್ರಕದ ಆಯ್ಕೆಗಳೂ ಅದರೊಂದಿಗೆ ಅಳಿಸಿಹೋಗುತ್ತವೆ.

ಬೀಗಗಳ ತಪಾಸಣೆಯನ್ನೂ ಇದೇ ಹಂತದಲ್ಲಿ ಮುಗಿಸಬೇಕು. ಫರ್ಮ್‌ವೇರ್‌ಗೆ ಪಾಸ್‌ವರ್ಡ್ ಇದೆಯೇ, ಅಬ್ಸಲ್ಯೂಟ್‌ನಂಥ ಕಳವು ತಡೆ ವ್ಯವಸ್ಥೆ ಇನ್ನೂ ಚಾಲೂ ಇದೆಯೇ ಎಂದು ನೋಡುವುದು ಸುಲಭ. ಕಾಣದೆ ಕುಳಿತಿರುವುದು ವಿಂಡೋಸ್ ಆಟೋಪೈಲಟ್, ಅಂದರೆ ಸಂಸ್ಥೆಯ ಯಂತ್ರಗಳನ್ನು ತಾನಾಗಿ ಹೊಂದಿಸುವ ಮೈಕ್ರೋಸಾಫ್ಟ್ ಸೇವೆಯ ನೋಂದಣಿ. ಒಂದು ಸಂಸ್ಥೆ ತನ್ನ ಲ್ಯಾಪ್‌ಟಾಪ್‌ಗಳನ್ನು ಆಟೋಪೈಲಟ್‌ನಲ್ಲಿ ನೋಂದಾಯಿಸಿದ್ದರೆ ಆ ಗುರುತು ಡಿಸ್ಕಿನಲ್ಲಿರುವುದಿಲ್ಲ, ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿರುತ್ತದೆ. ಡಿಸ್ಕ್ ಬದಲಿಸಿದರೂ, ಎಷ್ಟು ಸಲ ಇಮೇಜ್ ಹಾಕಿದರೂ ಅದು ಹೋಗುವುದಿಲ್ಲ. ನನ್ನ ಕೈಯಿಂದ ಹೀಗೆ ಆರು ಲ್ಯಾಪ್‌ಟಾಪ್‌ಗಳು ಎಲ್ಲ ಪರೀಕ್ಷೆ ಮುಗಿಸಿ ಹೊರಗೆ ಹೋದವು. ನಾವು ಪರೀಕ್ಷಿಸಿದ್ದು ಇಂಟರ್‌ನೆಟ್ ಇಲ್ಲದ ಜಾಲದಲ್ಲಿ. ಪಡೆದವರು ಮನೆಯಲ್ಲಿ ವೈ-ಫೈಗೆ ಜೋಡಿಸಿದ ಕೂಡಲೇ ಪರದೆಯ ಮೇಲೆ ಹಳೆಯ ಕಂಪನಿಯ ಲಾಂಛನ ಬಂದು, ಅಲ್ಲಿನ ನೌಕರರ ಇಮೇಲ್ ಕೇಳತೊಡಗಿತು. ಆರನ್ನೂ ವಾಪಸ್ ತರಿಸಿಕೊಳ್ಳಬೇಕಾಯಿತು. ನೋಂದಣಿ ತೆಗೆಯಬೇಕಾದವರು ಹಿಂದಿನ ಮಾಲೀಕರೇ ಆದ್ದರಿಂದ, ಯಂತ್ರಗಳನ್ನು ಒಪ್ಪಿಸಿಕೊಳ್ಳುವಾಗಲೇ ಕ್ರಮಸಂಖ್ಯೆಗಳ ಪಟ್ಟಿ ಕೊಟ್ಟು ತೆಗೆಸಿಬಿಡಬೇಕು, ಮತ್ತು ಪರೀಕ್ಷೆಯ ಯಾವುದಾದರೂ ಒಂದು ಘಟ್ಟದಲ್ಲಿ ಪ್ರತಿ ಯಂತ್ರವೂ ಇಂಟರ್‌ನೆಟ್ ಕಾಣಬೇಕು.

ಎರಡನೆಯ ಹಂತ: ಅಳಿಸುವಿಕೆ

ಇಮೇಜ್ ಹಾಕಿದರೆ ಹಳೆಯ ದತ್ತಾಂಶ ತಾನೇ ಅಳಿಯುತ್ತದೆ ಎಂಬುದು ತಪ್ಪು ಕಲ್ಪನೆ. ಇಪ್ಪತ್ತು ಜಿಬಿಯ ಇಮೇಜ್ ಐನೂರು ಜಿಬಿಯ ಡಿಸ್ಕಿನ ಮೇಲೆ ಇಪ್ಪತ್ತು ಜಿಬಿಯನ್ನಷ್ಟೇ ಮುಚ್ಚುತ್ತದೆ. ಹಾರ್ಡ್ ಡಿಸ್ಕಿಗೆ ಎನ್‌ವೈಪ್‌ನಂಥ ತಂತ್ರಾಂಶದಿಂದ ಪೂರ್ತಿ ಒಂದು ಸಲ ತಿದ್ದಿ ಬರೆಸಿದರೆ ಸಾಮಾನ್ಯ ಬಳಕೆಗೆ ಸಾಕು. ಎಸ್‌ಎಸ್‌ಡಿಗೆ ಅದು ತಕ್ಕುದಲ್ಲ. ಆಪರೇಟಿಂಗ್ ಸಿಸ್ಟಮ್‌ಗೆ ಕಾಣಿಸದ ಮೀಸಲು ಕೋಶಗಳಲ್ಲಿ ಹಳೆಯ ದತ್ತಾಂಶ ಉಳಿದುಬಿಡಬಹುದು. ಅಲ್ಲಿ ಡ್ರೈವ್‌ನೊಳಗೇ ಇರುವ ಸೆಕ್ಯೂರ್ ಇರೇಸ್ ಆದೇಶವನ್ನೋ, ಎನ್‌ವಿಎಂಇ ಆದರೆ ಸ್ಯಾನಿಟೈಸ್ ಅಥವಾ ಫಾರ್ಮ್ಯಾಟ್ ಆದೇಶವನ್ನೋ ಬಳಸಬೇಕು. ಸಾಟಾ ಡ್ರೈವ್ ಫ್ರೋಝನ್ ಆಗಿದೆ ಎಂದು ಹಟ ಹಿಡಿದರೆ ಲ್ಯಾಪ್‌ಟಾಪನ್ನು ಒಮ್ಮೆ ನಿದ್ರಾಸ್ಥಿತಿಗೆ ಕಳಿಸಿ ಎಬ್ಬಿಸಿ. ಬೂಟ್ ಆಗುವಾಗ ಬಯೋಸ್ ಹಾಕಿದ ಬೀಗ ಬಹಳಷ್ಟು ಸಲ ಅಷ್ಟರಿಂದಲೇ ಬಿಡುತ್ತದೆ. ಅಳಿಸಿದ್ದರ ವರದಿಯನ್ನು ಯಂತ್ರದ ಕ್ರಮಸಂಖ್ಯೆಯೊಂದಿಗೆ ಉಳಿಸಿಕೊಳ್ಳುವುದನ್ನು ಮರೆಯಬಾರದು.

ಮೂರನೆಯ ಹಂತ: ಯಾವ ಯಂತ್ರಕ್ಕೆ ಯಾವ ಸಿಸ್ಟಮ್

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಯುಇಎಫ್ಐ, ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ತಂತ್ರಾಂಶವನ್ನಷ್ಟೇ ಬಿಡುವ ವ್ಯವಸ್ಥೆ) ಸಾಮರ್ಥ್ಯ, ಟಿಪಿಎಂ 2.0, ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಡಿಸ್ಕ್ ಬೇಕು. ಪ್ರೊಸೆಸರ್ ಬಹುಮಟ್ಟಿಗೆ ಇಂಟೆಲ್‌ನ 8ನೇ ತಲೆಮಾರಿನದ್ದೋ ಎಎಂಡಿಯ ರೈಝೆನ್ 2000 ಸಾಲಿನದ್ದೋ ಅಥವಾ ಅವುಗಳ ನಂತರದ್ದೋ ಆಗಿರಬೇಕು. ಟಿಪಿಎಂ ಇಲ್ಲವೆಂದು ತೋರಿಸುವ ಯಂತ್ರವನ್ನು ಕೂಡಲೇ ಕೈಬಿಡಬೇಡಿ. ಪ್ರೊಸೆಸರ್‌ನೊಳಗಿನ ಫರ್ಮ್‌ವೇರ್ ಟಿಪಿಎಂ ಅನೇಕ ಬೋರ್ಡ್‌ಗಳಲ್ಲಿ ಆಫ್ ಆದ ಸ್ಥಿತಿಯಲ್ಲೇ ಇರುತ್ತದೆ. ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಡಿ ಅದನ್ನು ಹುಡುಕಿ.

ಈ ತಪಾಸಣೆಗಳನ್ನು ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳು ಎಲ್ಲರಿಗೂ ಗೊತ್ತು. ಸ್ವಂತ ಯಂತ್ರಕ್ಕೆ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ; ಇನ್ನೊಬ್ಬರ ಕೈಗೆ ಕೊಡುವ ಯಂತ್ರಕ್ಕೆ ಅದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಸೂಚನೆಯೇ ಇಲ್ಲದ ಹಳೆಯ ಪ್ರೊಸೆಸರ್‌ಗಳಲ್ಲಿ ಸಿಸ್ಟಮ್ ಬೂಟ್ ಆಗುವುದೇ ನಿಂತಿತು. ಅಂಥ ಅಪ್‌ಡೇಟ್ ಮತ್ತೆ ಯಾವಾಗ ಬರುತ್ತದೆಂದು ಯಂತ್ರ ಪಡೆದವರಿಗೆ ಹೇಗೆ ತಿಳಿಯಬೇಕು? ಅರ್ಹತೆ ಇರುವವಕ್ಕೆ ವಿಂಡೋಸ್ 11, ಉಳಿದವಕ್ಕೆ ಲಿನಕ್ಸ್ ಮಿಂಟ್‌ನಂಥ ಸರಳ ವಿತರಣೆ ಎಂದು ಎರಡು ಸಾಲು ಮಾಡಿಬಿಟ್ಟರೆ ಕೆಲಸ ಸಲೀಸು.

ಪರವಾನಗಿಯ ಮಾತನ್ನೂ ಇಲ್ಲೇ ತೀರ್ಮಾನಿಸಬೇಕು. ವಿಂಡೋಸ್ 8ರ ಕಾಲದಿಂದ ತಯಾರಕರು ಪರವಾನಗಿ ಕೀಲಿಯನ್ನು ಫರ್ಮ್‌ವೇರ್‌ನ ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿ ಇಡುತ್ತ ಬಂದಿದ್ದಾರೆ. ಲೈವ್ ಲಿನಕ್ಸ್‌ನಲ್ಲೇ ಅದನ್ನು ಓದಬಹುದು. ಆ ಕೀಲಿ ಹೋಮ್ ಆವೃತ್ತಿಯದಾಗಿದ್ದು ನಿಮ್ಮ ಇಮೇಜ್ ಪ್ರೊ ಆವೃತ್ತಿಯದಾಗಿದ್ದರೆ ಅದು ಸಕ್ರಿಯಗೊಳ್ಳುವುದಿಲ್ಲ. ಆದ್ದರಿಂದ ಎರಡೂ ಆವೃತ್ತಿಗಳ ಇಮೇಜ್ ಬೇಕಾಗುತ್ತದೆ. ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಮಾಡುವವರಿಗಾಗಿಯೇ ಮೈಕ್ರೋಸಾಫ್ಟ್ ರಿಫರ್ಬಿಷರ್ ಕಾರ್ಯಕ್ರಮಗಳನ್ನು ನಡೆಸುತ್ತದೆ. ಸ್ವಂತ ಕೀಲಿ ಇಲ್ಲದ ಯಂತ್ರಗಳಿಗೆ ಅದು ಸರಿಯಾದ ದಾರಿ.

ನಾಲ್ಕನೆಯ ಹಂತ: ಯಾವ ಬಗೆಯ ಇಮೇಜ್

ಇಮೇಜ್ ತೆಗೆಯುವುದರಲ್ಲಿ ಎರಡು ಪದ್ಧತಿಗಳಿವೆ. ಕ್ಲೋನ್‌ಝಿಲ್ಲಾ, ಫಾಗ್‌ನಂಥ ಸಾಧನಗಳು ಪಾರ್ಟ್‌ಕ್ಲೋನ್ ಎಂಬ ತಂತ್ರಾಂಶದ ಮೂಲಕ ಡಿಸ್ಕಿನ ವಿಭಾಗಗಳನ್ನು (ಪಾರ್ಟಿಷನ್) ಬ್ಲಾಕ್ ಮಟ್ಟದಲ್ಲಿ, ಅಂದರೆ ತುಣುಕು ತುಣುಕಾಗಿ ಓದಿ, ಬಳಕೆಯಲ್ಲಿರುವ ಬ್ಲಾಕ್‌ಗಳನ್ನು ಮಾತ್ರ ಉಳಿಸುತ್ತವೆ. ಮೈಕ್ರೋಸಾಫ್ಟ್‌ನ ವಿಮ್ ಪದ್ಧತಿ ಕಡತಗಳನ್ನು ಓದುತ್ತದೆ. ಒಂದೇ ಕಡತ ಎರಡು ಕಡೆ ಇದ್ದರೆ ಒಮ್ಮೆ ಮಾತ್ರ ಇಡುತ್ತದೆ, ಆದ್ದರಿಂದ ಹೋಮ್ ಮತ್ತು ಪ್ರೊ ಎರಡನ್ನೂ ಒಂದೇ ವಿಮ್‌ನಲ್ಲಿ ಇಟ್ಟರೂ ಗಾತ್ರ ದುಪ್ಪಟ್ಟಾಗುವುದಿಲ್ಲ.

ಒಂದೇ ಮಾದರಿಯ ಯಂತ್ರಗಳಿದ್ದರೆ ಬ್ಲಾಕ್ ಪದ್ಧತಿ ವೇಗವಾದದ್ದು, ನಿಶ್ಚಿಂತೆಯದ್ದು. ಮಿಶ್ರ ರಾಶಿಗೆ ವಿಂಡೋಸ್ ಹಾಕುವುದಾದರೆ ನಾನು ವಿಮ್ ಅನ್ನೇ ಆರಿಸುತ್ತೇನೆ. ಬ್ಲಾಕ್ ಇಮೇಜ್ ಮೂಲ ಡಿಸ್ಕಿನ ವಿಭಾಗಗಳ ನಕ್ಷೆಯನ್ನೂ ಹೊತ್ತು ತರುತ್ತದೆ. 256 ಜಿಬಿ ಡಿಸ್ಕಿನಿಂದ ತೆಗೆದದ್ದನ್ನು 128 ಜಿಬಿ ಡಿಸ್ಕಿಗೆ ಇಳಿಸಲು ಹೋದರೆ ತಕರಾರು ಬರುತ್ತದೆ, ದೊಡ್ಡ ಡಿಸ್ಕಿಗೆ ಇಳಿಸಿದರೆ ಕೊನೆಯಲ್ಲಿರುವ ರಿಕವರಿ ವಿಭಾಗ ಅಡ್ಡ ನಿಂತು ಸಿ ಡ್ರೈವ್ ಬೆಳೆಯುವುದಿಲ್ಲ. ವಿಮ್‌ಗೆ ಈ ನಕ್ಷೆಯ ಹಂಗೇ ಇಲ್ಲ. ಡಿಸ್ಕನ್ನು ಆಯಾ ಯಂತ್ರದಲ್ಲಿ ಹೊಸದಾಗಿ ವಿಭಾಗಿಸಿ ಕಡತಗಳನ್ನು ಸುರಿದರಾಯಿತು.

ಐದನೆಯ ಹಂತ: ಮೂಲ ಇಮೇಜ್ ಕಟ್ಟುವುದು

ಮೂಲ ಇಮೇಜನ್ನು ನಿಜವಾದ ಕಂಪ್ಯೂಟರ್‌ನಲ್ಲಿ ಕಟ್ಟಬೇಡಿ, ವರ್ಚುವಲ್ ಯಂತ್ರದಲ್ಲಿ, ಅಂದರೆ ತಂತ್ರಾಂಶವೇ ಸೃಷ್ಟಿಸಿದ ಕಂಪ್ಯೂಟರ್‌ನಲ್ಲಿ ಕಟ್ಟಿ. ಅಲ್ಲಿ ತಯಾರಕರ ಡ್ರೈವರ್‌ಗಳಾಗಲೀ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳು) ಅವರು ತುರುಕಿದ ಉಪತಂತ್ರಾಂಶಗಳಾಗಲೀ ಇರುವುದಿಲ್ಲ. ಯುಇಎಫ್ಐ ಕ್ರಮದ ವರ್ಚುವಲ್ ಯಂತ್ರ ಮಾಡಿ, ಇಂಟರ್‌ನೆಟ್ ಜೋಡಿಸದೆ ವಿಂಡೋಸ್ ಹಾಕಿ, ಭಾಷೆ ಮತ್ತು ದೇಶ ಕೇಳುವ ಮೊದಲ ಪರದೆ ಬಂದಾಗ ಏನನ್ನೂ ಆರಿಸದೆ ಕಂಟ್ರೋಲ್, ಶಿಫ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಯಂತ್ರ ಮರುಶುರುವಾಗಿ ಆಡಿಟ್ ಮೋಡ್‌ಗೆ ಹೋಗುತ್ತದೆ. ಅಲ್ಲಿ ಬಳಕೆದಾರರ ಖಾತೆಯನ್ನೇ ಮಾಡದೆ ಕೆಲಸ ಮಾಡಬಹುದು.

ಒಳಗೆ ಏನೇನು ಹಾಕಬೇಕು ಎಂಬಲ್ಲಿ ಜಿಪುಣತನ ಒಳ್ಳೆಯದು. ಅಪ್‌ಡೇಟ್‌ಗಳು, ಒಂದು ಬ್ರೌಸರ್, ಒಂದು ಕಚೇರಿ ತಂತ್ರಾಂಶ, ಬೇಕಾದ ಭಾಷೆಯ ಕೀಬೋರ್ಡ್ ಇಷ್ಟಿದ್ದರೆ ಸಾಕು. ಇನ್ನುಳಿದದ್ದೆಲ್ಲ ಪ್ರತಿ ತಿಂಗಳೂ ಹಳತಾಗುತ್ತ ಹೋಗುತ್ತದೆ ಮತ್ತು ಪ್ರತಿಯೊಂದೂ ಸಿಸ್‌ಪ್ರೆಪ್ (ಇಮೇಜ್‌ನಿಂದ ಯಂತ್ರದ ಗುರುತು ಕಳಚುವ ವಿಂಡೋಸ್ ಸಾಧನ) ಕೆಡಲು ಇನ್ನೊಂದು ಕಾರಣವಾಗುತ್ತದೆ.

ಸಿಸ್‌ಪ್ರೆಪ್ ಓಡಿಸುವ ಮುನ್ನ ವರ್ಚುವಲ್ ಯಂತ್ರದ ಆ ಕ್ಷಣದ ಸ್ಥಿತಿಯ ಪ್ರತಿಯನ್ನು (ಸ್ನ್ಯಾಪ್‌ಶಾಟ್) ತೆಗೆದಿಟ್ಟುಕೊಳ್ಳುವುದು ಕಡ್ಡಾಯ. ಮುಂದಿನ ತಿಂಗಳು ಅಪ್‌ಡೇಟ್ ಹಾಕಲು ನೀವು ಮರಳಬೇಕಾದದ್ದು ಈ ಬಿಂದುವಿಗೆ, ಒಮ್ಮೆ ಸಿಸ್‌ಪ್ರೆಪ್ ಆದ ಇಮೇಜಿಗಲ್ಲ. ಬಳಿಕ ಸಿಸ್‌ಪ್ರೆಪ್‌ಗೆ ಜನರಲೈಸ್, ಊಬಿ, ಶಟ್‌ಡೌನ್ ಎಂಬ ಮೂರು ಆಯ್ಕೆಗಳನ್ನು ಕೊಟ್ಟು ಓಡಿಸಬೇಕು. ಜನರಲೈಸ್ ಎಂಬುದು ಕಂಪ್ಯೂಟರಿನ ಹೆಸರು, ಭದ್ರತಾ ಗುರುತು, ಗುರುತಿಸಿದ ಯಂತ್ರಾಂಶಗಳ ಪಟ್ಟಿ ಇವನ್ನೆಲ್ಲ ಕಳಚಿಹಾಕುತ್ತದೆ; ಊಬಿ ಎಂಬುದು ಮುಂದಿನ ಬೂಟ್‌ನಲ್ಲಿ ಭಾಷೆ, ದೇಶ ಕೇಳುವ ಮೊದಲ ಪರದೆಗಳನ್ನು ತೋರಿಸುತ್ತದೆ. ಸಿಸ್‌ಪ್ರೆಪ್ ನಡುವೆ ನಿಂತು, ವಿಂಡೋಸ್ ಅನುಸ್ಥಾಪನೆಯನ್ನು ಪರಿಶೀಲಿಸಲಾಗಲಿಲ್ಲ ಎಂದು ಹೇಳಿದರೆ ಸಿಸ್‌ಪ್ರೆಪ್ ಫೋಲ್ಡರಿನ ಒಳಗಿರುವ ಪ್ಯಾಂಥರ್ ಉಪಫೋಲ್ಡರಿನ ಸೆಟಪ್‌ಆಕ್ಟ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. ಮೈಕ್ರೋಸಾಫ್ಟ್ ಸ್ಟೋರ್‌ನ ಯಾವುದೋ ಒಂದು ಆ್ಯಪ್ ಒಬ್ಬ ಬಳಕೆದಾರರಿಗೆ ಮಾತ್ರ ಅಳವಟ್ಟಿದೆ, ಎಲ್ಲರಿಗೂ ಅಲ್ಲ ಎಂಬ ದೂರು ಅಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ನೀವು ಕೆಲಸ ಮಾಡುತ್ತಿದ್ದಾಗ ಸ್ಟೋರ್ ಹಿನ್ನೆಲೆಯಲ್ಲಿ ತಾನೇ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಿಕೊಂಡದ್ದರ ಫಲ ಅದು. ಆ ಪ್ಯಾಕೇಜನ್ನು ಪವರ್‌ಶೆಲ್‌ನಿಂದ ತೆಗೆದು ಮತ್ತೆ ಓಡಿಸಬೇಕು. ಇಂಟರ್‌ನೆಟ್ ಜೋಡಿಸದೆ ಅಪ್‌ಡೇಟ್‌ಗಳನ್ನು ಕಡತವಾಗಿ ತಂದು ಹಾಕಿದರೆ ಈ ಗೋಳು ಬರುವುದೇ ಇಲ್ಲ.

ಯಂತ್ರ ಆರಿದ ಮೇಲೆ ಅದನ್ನು ಮತ್ತೆ ಮಾಮೂಲಿಯಾಗಿ ಬೂಟ್ ಮಾಡಬಾರದು. ವಿನ್‌ಪಿಇ ಎಂಬ ಪುಟ್ಟ ವಿಂಡೋಸ್‌ನಿಂದ ಬೂಟ್ ಮಾಡಿ, ಡಿಸ್ಮ್ ಎಂಬ ವಿಂಡೋಸ್ ಇಮೇಜ್ ಸಾಧನದ ಆದೇಶದಿಂದ ಸಿ ಡ್ರೈವನ್ನು ವಿಮ್ ಕಡತವಾಗಿ ಸೆರೆಹಿಡಿಯಬೇಕು. ಆ ಕಡತ 4 ಜಿಬಿ ದಾಟಿದ್ದು, ಯುಇಎಫ್ಐ ಬೂಟ್‌ಗೆಂದು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ಗೆ ಅದನ್ನು ಹಾಕುವುದಿದ್ದರೆ, ಡಿಸ್ಮ್‌ನಿಂದಲೇ ತುಂಡು ಮಾಡಬೇಕು, ಇಲ್ಲವೇ ಪೆನ್ ಡ್ರೈವ್‌ನಲ್ಲಿ ಎನ್‌ಟಿಎಫ್‌ಎಸ್‌ನ ಎರಡನೆಯ ವಿಭಾಗ ಮಾಡಬೇಕು.

ಆರನೆಯ ಹಂತ: ಡ್ರೈವರ್‌ಗಳು

ಮಿಶ್ರ ರಾಶಿಯ ಅಸಲಿ ಕಷ್ಟ ಇರುವುದು ಇಲ್ಲಿ. ಡ್ರೈವರ್‌ಗಳನ್ನೆಲ್ಲ ಒಂದೇ ಇಮೇಜಿಗೆ ತುಂಬಿ, ವಿಂಡೋಸ್ ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ಬಿಡುವುದು ಮೊದಲಿಗೆ ತೋಚುವ ದಾರಿ. ಅದರಿಂದ ಇಮೇಜ್ ಉಬ್ಬುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದೇ ಚಿಪ್‌ಗೆ ಎರಡು ಮಾದರಿಗಳಿಗಾಗಿ ಬಂದ ಎರಡು ಡ್ರೈವರ್‌ಗಳಿದ್ದಾಗ ವಿಂಡೋಸ್ ತಪ್ಪಾದದ್ದನ್ನು ಹಿಡಿದುಕೊಳ್ಳಬಹುದು. ಧ್ವನಿ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಇದನ್ನು ನಾನು ಹಲವು ಸಲ ಕಂಡಿದ್ದೇನೆ.

ಸರಿಯಾದ ವ್ಯವಸ್ಥೆ ಹೀಗಿರಬೇಕು. ಸರ್ವರ್‌ನಲ್ಲಿ ತಯಾರಕರಿಗೊಂದು ಫೋಲ್ಡರ್, ಅದರೊಳಗೆ ಮಾದರಿಗೊಂದು ಫೋಲ್ಡರ್. ಡೆಲ್, ಎಚ್‌ಪಿ, ಲೆನೊವೊ ಮೂವರೂ ತಮ್ಮ ವ್ಯಾಪಾರಿ ಮಾದರಿಗಳಿಗೆ ಡ್ರೈವರ್‌ಗಳ ಪೂರ್ತಿ ಕಂತೆಯನ್ನು ಐಎನ್‌ಎಫ್ ಕಡತಗಳ ರೂಪದಲ್ಲಿ ಬಿಡಿಸಿಕೊಳ್ಳುವಂತೆ ಕೊಡುತ್ತಾರೆ. ಒಂದೊಂದೇ ಸೆಟಪ್ ಕಡತ ಇಳಿಸಿಕೊಳ್ಳುವ ಅಗತ್ಯವಿಲ್ಲ. ವಿನ್‌ಪಿಇಯಿಂದ ಬೂಟ್ ಆದ ಸ್ಕ್ರಿಪ್ಟ್ ಯಂತ್ರದ ಮಾದರಿಯನ್ನು ಓದುತ್ತದೆ, ವಿಮ್ ಸುರಿದ ಮೇಲೆ ಆ ಹೆಸರಿನ ಫೋಲ್ಡರನ್ನು ಡಿಸ್ಮ್‌ನ ಡ್ರೈವರ್ ಸೇರಿಸುವ ಆದೇಶಕ್ಕೆ ಕೊಡುತ್ತದೆ, ಬೇರಾವ ಫೋಲ್ಡರನ್ನೂ ಮುಟ್ಟುವುದಿಲ್ಲ.

ಮಾದರಿ ಓದುವುದು ಅನಿಸುವಷ್ಟು ಸರಳವಲ್ಲ. ಡೆಲ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಮಾದರಿಯ ಹೆಸರು ಮಾದರಿಯ ಜಾಗದಲ್ಲೇ ಇರುತ್ತದೆ. ಲೆನೊವೊದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನಲ್ಲಿ ಅದೇ ಜಾಗವನ್ನು ಕೇಳಿದರೆ 20 ಅಥವಾ 21ರಿಂದ ಶುರುವಾಗುವ ಹತ್ತು ಅಕ್ಷರಗಳ ಒಂದು ಸಂಕೇತ ಸಿಗುತ್ತದೆ; ಥಿಂಕ್‌ಪ್ಯಾಡ್ ಎಂಬ ಹೆಸರು ಇರುವುದು ಆವೃತ್ತಿಯ ಜಾಗದಲ್ಲಿ. ಆ ಸಂಕೇತದ ಮೊದಲ ನಾಲ್ಕು ಅಕ್ಷರಗಳೇ ಯಂತ್ರದ ಬಗೆ, ಡ್ರೈವರ್ ಕಂತೆ ಹೊಂದಿಸಲು ಬೇಕಾದದ್ದು ಅಷ್ಟೇ. ಇನ್ನು ಜೋಡಿಸಿದ ಡಬ್ಬಿಗಳನ್ನು ಕೇಳಿದರೆ, ತಯಾರಕರು ಇದನ್ನು ತುಂಬತಕ್ಕದ್ದು ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಬರುತ್ತದೆ. ಯಾರೂ ತುಂಬಿರುವುದಿಲ್ಲ! ಅಂಥವಕ್ಕೆ ಸ್ಕ್ರಿಪ್ಟ್ ಮದರ್‌ಬೋರ್ಡಿನ ಹೆಸರನ್ನು ಓದುವಂತೆ ಬರೆಯಬೇಕು.

ಕೋಷ್ಟಕದಲ್ಲಿ ಒಂದೋ ಎರಡೋ ಯಂತ್ರ ಮಾತ್ರ ಇರುವ ಮಾದರಿಗೆ ಕಂತೆ ಮಾಡುವ ಶ್ರಮ ಬೇಡ. ಜಾಲದ ಡ್ರೈವರ್ ಒಂದು ಸಿಕ್ಕಿದರೆ ಉಳಿದದ್ದನ್ನು ವಿಂಡೋಸ್ ಅಪ್‌ಡೇಟ್ ತಾನೇ ತರುತ್ತದೆ. ಐದಕ್ಕಿಂತ ಹೆಚ್ಚು ಇದ್ದರೆ ಮಾತ್ರ ನಾನು ಫೋಲ್ಡರ್ ಮಾಡುತ್ತೇನೆ.

ವಿನ್‌ಪಿಇಯೊಳಗೆ ಸೇರಿಸಬೇಕಾದ್ದು ಜಾಲದ ಮತ್ತು ಡಿಸ್ಕ್ ನಿಯಂತ್ರಕದ ಡ್ರೈವರ್‌ಗಳು ಮಾತ್ರ. ಇಂಟೆಲ್‌ನ 11ನೇ ತಲೆಮಾರಿನ ಮತ್ತು ನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ನಿಯಂತ್ರಕ ಚಾಲೂ ಇರುತ್ತದೆ. ಅದರ ಡ್ರೈವರ್ ಇಲ್ಲದಿದ್ದರೆ ಡಿಸ್ಕೇ ಇಲ್ಲವೆಂದು ವಿನ್‌ಪಿಇ ಹೇಳುತ್ತದೆ. ಹಳೆಯ ಡೆಲ್ ಯಂತ್ರಗಳು ಒಂದೇ ಡಿಸ್ಕ್ ಇದ್ದರೂ ರೇಡ್ ಕ್ರಮದಲ್ಲಿ (ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಕ್ರಮ) ಬಂದಿರುತ್ತವೆ. ಇಮೇಜ್ ಹಾಕುವ ಮುನ್ನವೇ ಎಎಚ್‌ಸಿಐ ಎಂಬ ಸಾಮಾನ್ಯ ಕ್ರಮಕ್ಕೆ ಬದಲಾಯಿಸಿ. ಹಾಕಿದ ಮೇಲೆ ಬದಲಾಯಿಸಿದರೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ, 7ಬಿ ಸಂಖ್ಯೆಯ ನೀಲಿ ಪರದೆ ಕಾದಿರುತ್ತದೆ.

ಏಳನೆಯ ಹಂತ: ಇಳಿಸುವ ಸ್ಕ್ರಿಪ್ಟ್

ಸ್ಕ್ರಿಪ್ಟ್ ಮೊದಲು ಯಂತ್ರ ಯಾವ ಕ್ರಮದಲ್ಲಿ ಬೂಟ್ ಆಗಿದೆ ಎಂದು ತಿಳಿಯಬೇಕು. ವಿನ್‌ಪಿಇಯ ರಿಜಿಸ್ಟ್ರಿಯಲ್ಲಿ ಫರ್ಮ್‌ವೇರ್‌ನ ಬಗೆ ಹೇಳುವ ಒಂದು ಅಂಕಿ ಇದೆ: 1 ಎಂದರೆ ಹಳೆಯ ಬಯೋಸ್, 2 ಎಂದರೆ ಯುಇಎಫ್ಐ. ಯುಇಎಫ್ಐ ಆದರೆ ಜಿಪಿಟಿ ಬಗೆಯ ವಿಭಾಗ ನಕ್ಷೆ ಇರುವ ಡಿಸ್ಕಿನ ಮೇಲೆ ಕ್ರಮವಾಗಿ 260 ಎಂಬಿಯ ಇಎಫ್ಐ ವಿಭಾಗ, 16 ಎಂಬಿಯ ಮೀಸಲು ವಿಭಾಗ, ವಿಂಡೋಸ್ ವಿಭಾಗ, ಕೊನೆಯಲ್ಲಿ ರಿಕವರಿ ವಿಭಾಗ. ವಿಂಡೋಸ್ 11 ಹಾಕುವ ಸಾಲಿನಲ್ಲಿ 1 ಎಂದು ಬಂದರೆ ಮುಂದುವರಿಯದೆ ನಿಂತು, ಫರ್ಮ್‌ವೇರ್ ಸೆಟ್ಟಿಂಗ್ ಸರಿಪಡಿಸಿ ಎಂದು ದೊಡ್ಡದಾಗಿ ಹೇಳುವಂತೆ ಬರೆಯಿರಿ.

ಎರಡನೆಯ ಪ್ರಶ್ನೆ ಯಾವ ಡಿಸ್ಕ್ ಎಂಬುದು. ಸೊನ್ನೆ ಸಂಖ್ಯೆಯ ಡಿಸ್ಕನ್ನು ಅಳಿಸು ಎಂದು ಕಣ್ಣು ಮುಚ್ಚಿ ಬರೆದ ಸ್ಕ್ರಿಪ್ಟ್‌ಗಳು ಎಲ್ಲೆಲ್ಲೂ ಸಿಗುತ್ತವೆ. ನನ್ನದೂ ಹಾಗೆಯೇ ಇತ್ತು. ಇಮೇಜ್‌ಗಳನ್ನೂ ಡ್ರೈವರ್‌ಗಳನ್ನೂ ಇಟ್ಟಿದ್ದ ಹೊರಗಿನ ಹಾರ್ಡ್ ಡಿಸ್ಕನ್ನು ಒಂದು ದಿನ, ಎಸ್‌ಎಸ್‌ಡಿ ಸರಿಯಾಗಿ ಕೂರದಿದ್ದ ಲ್ಯಾಪ್‌ಟಾಪಿಗೆ ಜೋಡಿಸಿದೆ. ಒಳಗಿನ ಡಿಸ್ಕ್ ಕಾಣಿಸದೆ ಹೊರಗಿನದಕ್ಕೇ ಸೊನ್ನೆ ಸಂಖ್ಯೆ ಸಿಕ್ಕಿತು. ಪರದೆಯ ಮೇಲೆ ಡಿಸ್ಕ್ ಯಶಸ್ವಿಯಾಗಿ ಶುದ್ಧವಾಯಿತು ಎಂಬ ಸಾಲು ಬಂತು, ಅದರ ಮರುಸಾಲಿನಲ್ಲೇ ಇಮೇಜ್ ಕಡತ ಸಿಗುತ್ತಿಲ್ಲ ಎಂಬ ದೋಷ. ಈಗಿನ ಸ್ಕ್ರಿಪ್ಟ್ ಯುಎಸ್‌ಬಿ ಮೂಲಕ ಜೋಡಿಸಿದ ಡಿಸ್ಕ್‌ಗಳನ್ನು ಮೊದಲು ಪಟ್ಟಿಯಿಂದ ತೆಗೆದು, ಉಳಿದವುಗಳಲ್ಲಿ ಎನ್‌ವಿಎಂಇ ಇದ್ದರೆ ಅದನ್ನು, ಇಲ್ಲದಿದ್ದರೆ ಸಾಟಾ ಎಸ್‌ಎಸ್‌ಡಿಯನ್ನು ಆರಿಸುತ್ತದೆ, ಒಂದೂ ಉಳಿಯದಿದ್ದರೆ ಏನನ್ನೂ ಮಾಡದೆ ನಿಲ್ಲುತ್ತದೆ.

ಬಳಿಕ ವಿಮ್ ಸುರಿಯುವುದು, ಡ್ರೈವರ್ ಸೇರಿಸುವುದು, ಬಿಸಿಡಿಬೂಟ್ ಆದೇಶದಿಂದ ಬೂಟ್ ಕಡತಗಳನ್ನು ಬರೆಯುವುದು, ಅನುಸ್ಥಾಪನೆ ಕೇಳುವ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳ ಕಡತವನ್ನು ವಿಂಡೋಸ್ ಫೋಲ್ಡರಿನ ಒಳಗಿರುವ ಪ್ಯಾಂಥರ್ ಫೋಲ್ಡರಿಗೆ ನಕಲು ಮಾಡುವುದು.

ಎಂಟನೆಯ ಹಂತ: ಜಾಲದ ಮೂಲಕ ಬೂಟ್

ಹತ್ತು ಯಂತ್ರಗಳವರೆಗೆ ನಾಲ್ಕಾರು ಪೆನ್ ಡ್ರೈವ್‌ಗಳೇ ಸಾಕು; ಅದಕ್ಕೆ ಸರ್ವರ್ ಕಟ್ಟುವುದು ದುಂದು. ಅದಕ್ಕೂ ಹೆಚ್ಚಾದರೆ ಪಿಎಕ್ಸ್‌ಇ, ಅಂದರೆ ಜಾಲದಿಂದಲೇ ಬೂಟ್ ಮಾಡುವ ವ್ಯವಸ್ಥೆ ಬೇಕು. ಇದಕ್ಕೆ ಕಚೇರಿಯ ಮಾಮೂಲಿ ಜಾಲವನ್ನು ಬಳಸದೆ, ಪ್ರತ್ಯೇಕ ಗಿಗಾಬಿಟ್ ಸ್ವಿಚ್ ಇಟ್ಟುಕೊಳ್ಳಬೇಕು. ಯಂತ್ರಗಳಿಗೆ ಜಾಲದ ವಿಳಾಸ ಕೊಡುವ ಡಿಎಚ್‌ಸಿಪಿಯ 66 ಮತ್ತು 67ನೇ ಆಯ್ಕೆಗಳು ಬೂಟ್ ಸರ್ವರ್ ಮತ್ತು ಬೂಟ್ ಕಡತವನ್ನು ಹೇಳುತ್ತವೆ. ಆದರೆ ಬಯೋಸ್ ಯಂತ್ರಕ್ಕೂ ಯುಇಎಫ್ಐ ಯಂತ್ರಕ್ಕೂ ಒಂದೇ ಕಡತ ಆಗುವುದಿಲ್ಲ. ಯಂತ್ರ ತಾನು ಯಾವ ಬಗೆ ಎಂಬುದನ್ನು 93ನೇ ಆಯ್ಕೆಯಲ್ಲಿ ತಿಳಿಸುತ್ತದೆ, ಅದನ್ನು ನೋಡಿ ಬೇರೆ ಬೇರೆ ಕಡತ ಕೊಡುವಂತೆ ಡಿಎನ್‌ಎಸ್‌ಮಾಸ್ಕ್‌ನಂಥ ತಂತ್ರಾಂಶವನ್ನು ಹೊಂದಿಸಬೇಕು. ಸಹಿ ಇಲ್ಲದ ಐಪಿಎಕ್ಸ್‌ಇ ಎಂಬ ಬೂಟ್ ತಂತ್ರಾಂಶ ಬಳಸುವಾಗ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗುತ್ತದೆ. ಕೊನೆಗೆ ಅದನ್ನು ಮತ್ತೆ ಹಚ್ಚಬೇಕೆಂಬುದನ್ನು ತಪಾಸಣಾ ಪಟ್ಟಿಯಲ್ಲಿ ಈಗಲೇ ಬರೆದಿಡಿ.

ಕೇಬಲ್ ಸರಿ, ಸೆಟ್ಟಿಂಗ್ ಸರಿ, ಆದರೂ ಯಂತ್ರಕ್ಕೆ ವಿಳಾಸ ಸಿಗುತ್ತಿಲ್ಲ ಎಂದಾದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ದತ್ತಾಂಶ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ) ನೋಡಿ. ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟ್ ಎಚ್ಚರಗೊಂಡು ದತ್ತಾಂಶ ಬಿಡಲು 30 ಸೆಕೆಂಡ್ ಬೇಕು. ಅಷ್ಟರಲ್ಲಿ ಪಿಎಕ್ಸ್‌ಇ ಕಾದು ಸೋತಿರುತ್ತದೆ. ಆ ಪೋರ್ಟ್‌ಗಳನ್ನು ಅಂಚಿನ ಪೋರ್ಟ್ ಎಂದು ಗುರುತಿಸಿದರೆ ಸರಿಹೋಗುತ್ತದೆ.

ಗಿಗಾಬಿಟ್ ಕೊಂಡಿಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುತ್ತದೆ. ಹತ್ತು ಯಂತ್ರಗಳು ಒಟ್ಟಿಗೆ ಕೇಳಿದರೆ ತಲಾ 11 ಎಂಬಿ. 10 ಜಿಬಿಯ ಇಮೇಜಿಗೆ ಹದಿನೈದು ನಿಮಿಷ. ಮಲ್ಟಿಕಾಸ್ಟ್ ಮಾಡಿದರೆ ಒಂದೇ ಹರಿವು ಎಲ್ಲರಿಗೂ ಹೋಗುತ್ತದೆ, ಆದರೆ ಗುಂಪಿನ ನಡಿಗೆ ನಿರ್ಧಾರವಾಗುವುದು ಅತಿ ನಿಧಾನದ ಡಿಸ್ಕಿನಿಂದ. ಹಳೆಯ ಹಾರ್ಡ್ ಡಿಸ್ಕಿನ ಒಂದು ಯಂತ್ರ ಉಳಿದ ಹತ್ತೊಂಬತ್ತು ಎಸ್‌ಎಸ್‌ಡಿ ಯಂತ್ರಗಳನ್ನು ಕಾಯಿಸುತ್ತದೆ. ಮಿಶ್ರ ರಾಶಿಗೆ ಮಲ್ಟಿಕಾಸ್ಟ್‌ನ ಗೊಡವೆ ಬೇಡವೆಂದೇ ನನ್ನ ಸಲಹೆ. ಬೇಕೇ ಬೇಕೆಂದರೆ ಡಿಸ್ಕಿನ ಬಗೆಯಂತೆ ಗುಂಪು ಮಾಡಿ.

ಒಂಬತ್ತನೆಯ ಹಂತ: ಲಿನಕ್ಸ್ ಸಾಲು

ಲಿನಕ್ಸ್‌ನಲ್ಲಿ ಡ್ರೈವರ್‌ಗಳ ಬಹುಪಾಲು ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಜೊತೆಯಲ್ಲೇ ಬರುವುದರಿಂದ ಆರನೆಯ ಹಂತದ ಕಷ್ಟ ಹೆಚ್ಚುಕಡಿಮೆ ಇಲ್ಲವಾಗುತ್ತದೆ, ಬ್ಲಾಕ್ ಇಮೇಜ್ ಸಹ ಚೆನ್ನಾಗಿ ನಡೆಯುತ್ತದೆ. ಮೂಲವನ್ನು 25 ಜಿಬಿಯಷ್ಟು ಚಿಕ್ಕ ವರ್ಚುವಲ್ ಡಿಸ್ಕಿನಲ್ಲಿ ಕಟ್ಟಿ, ಸಿಸ್ಟಮ್ ಇರುವ ರೂಟ್ ವಿಭಾಗವನ್ನು ಕೊನೆಯಲ್ಲಿಡಿ. ಇಳಿಸಿದ ಮೇಲೆ ಗ್ರೋಪಾರ್ಟ್‌ನಿಂದ ಹಿಗ್ಗಿಸಬಹುದು. ಬೂಟ್‌ನ ಆರಂಭದಲ್ಲಿ ಬೇಕಾಗುವ ಡ್ರೈವರ್ ಮಾಡ್ಯೂಲ್‌ಗಳ ಕಟ್ಟಾದ ಇನಿಟ್‌ರಾಮ್‌ಎಫ್‌ಎಸ್ ಆ ಒಂದು ಯಂತ್ರಕ್ಕೆ ಬೇಕಾದ ಮಾಡ್ಯೂಲ್‌ಗಳನ್ನಷ್ಟೇ ಒಳಗೊಂಡಿರದೆ ಎಲ್ಲವನ್ನೂ ಒಳಗೊಂಡಿರಬೇಕು. ಡೆಬಿಯನ್ ವಂಶದಲ್ಲಿ ಇದು ಮೊದಲೇ ಹಾಗಿರುತ್ತದೆ, ಫೆಡೋರಾದಲ್ಲಿ ಅದನ್ನು ಕಟ್ಟುವ ಡ್ರಾಕಟ್‌ಗೆ ಹೇಳಬೇಕಾಗುತ್ತದೆ. ಬೂಟ್‌ಲೋಡರನ್ನು ಇಎಫ್ಐ ವಿಭಾಗದ ಬೂಟ್ ಫೋಲ್ಡರಿನಲ್ಲಿ, ಅಂದರೆ ಯಾವ ಫರ್ಮ್‌ವೇರ್ ಆದರೂ ತಾನಾಗಿ ಹುಡುಕುವ ಜಾಗದಲ್ಲಿ, ಒಂದು ಪ್ರತಿ ಇಡಿ. ಇಲ್ಲದಿದ್ದರೆ ಹೊಸ ಯಂತ್ರದ ಬೂಟ್ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ.

ಸಿಸ್‌ಪ್ರೆಪ್‌ನಂತೆ ಇಲ್ಲಿಯೂ ಗುರುತುಗಳನ್ನು ಕಳಚಬೇಕು. ಯಂತ್ರದ ಅನನ್ಯ ಗುರುತಿರುವ ಮೆಷಿನ್-ಐಡಿ ಕಡತವನ್ನು ಅಳಿಸದೆ ಬರಿದು ಮಾಡಬೇಕು, ದೂರದಿಂದ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸರ್ವರ್ ಇದ್ದರೆ ಅದರ ಕೀಲಿಗಳನ್ನು ತೆಗೆದು ಮೊದಲ ಬೂಟ್‌ನಲ್ಲಿ ಹೊಸದಾಗಿ ಹುಟ್ಟುವಂತೆ ಮಾಡಬೇಕು. ಮೆಷಿನ್-ಐಡಿ ಹಾಗೇ ಉಳಿದರೆ, ಜಾಲ ನೋಡಿಕೊಳ್ಳಲು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವ ಎರಡು ಯಂತ್ರಗಳು ಡಿಎಚ್‌ಸಿಪಿ ಸರ್ವರ್‌ಗೆ ಒಂದೇ ಗುರುತು ಹೇಳಿ ಒಂದೇ ವಿಳಾಸಕ್ಕೆ ಕಿತ್ತಾಡುತ್ತವೆ. ಮಿಂಟ್‌ನ ಒಇಎಂ ಅನುಸ್ಥಾಪನಾ ಕ್ರಮ ಬಳಸಿದರೆ ಯಂತ್ರ ಪಡೆದವರು ತಮ್ಮ ಹೆಸರು, ಭಾಷೆ, ಪಾಸ್‌ವರ್ಡನ್ನು ತಾವೇ ಕೊಟ್ಟು ಶುರುಮಾಡಬಹುದು.

ಹತ್ತನೆಯ ಹಂತ: ಹೊರಗೆ ಕಳಿಸುವ ಮುನ್ನ

ಪ್ರತಿ ಮಾದರಿಯಲ್ಲಿ ಒಂದು ಯಂತ್ರವನ್ನು ಪೂರ್ತಿಯಾಗಿ ಶುರುಮಾಡಿ ನೋಡಬೇಕು: ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇರಬಾರದು, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರವಾಗಬೇಕು, ಕ್ಯಾಮೆರಾ, ಮೈಕ್, ಹೆಡ್‌ಫೋನ್ ರಂಧ್ರ, ಪರದೆಯ ಹೊಳಪಿನ ಕೀಲಿ ಕೆಲಸ ಮಾಡಬೇಕು. ನಿದ್ರೆ ಮತ್ತು ಹೊಳಪು ಕೆಟ್ಟಿದ್ದರೆ ಹೆಚ್ಚಾಗಿ ಗ್ರಾಫಿಕ್ಸ್ ಅಥವಾ ಚಿಪ್‌ಸೆಟ್ ಡ್ರೈವರ್ ಸರಿಯಾಗಿ ಕೂತಿಲ್ಲ. ಹೀಗೆ ಶುರುಮಾಡಿದ ಯಂತ್ರಕ್ಕೆ ಮತ್ತೆ ಇಮೇಜ್ ಹಾಕಿಯೇ ಕಳಿಸಬೇಕು. ಉಳಿದವನ್ನು ಇಂಟರ್‌ನೆಟ್ ಇರುವ ಜಾಲಕ್ಕೆ ಜೋಡಿಸಿ, ಮೊದಲ ಪರದೆಗಳಲ್ಲಿ ಹಳೆಯ ಸಂಸ್ಥೆಯ ಹೆಸರು ಬರುವುದಿಲ್ಲವೆಂದು ಖಚಿತಪಡಿಸಿಕೊಂಡು, ಅಲ್ಲಿಂದಲೇ ಆಫ್ ಮಾಡಬಹುದು.

ಸೆಕ್ಯೂರ್ ಬೂಟ್ ಮರಳಿ ಹಚ್ಚುವಾಗಲೇ ಫರ್ಮ್‌ವೇರ್‌ಗೆ ತಯಾರಕರ ಕೊನೆಯ ಅಪ್‌ಡೇಟ್ ಹಾಕಿಬಿಡಿ. ಸೆಕ್ಯೂರ್ ಬೂಟ್ ನಂಬಿರುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ; 2023ರ ಹೊಸ ಪ್ರಮಾಣಪತ್ರಗಳಿಲ್ಲದ ಯಂತ್ರ ಬೂಟ್ ಆಗುವುದು ನಿಲ್ಲದಿದ್ದರೂ, ಬೂಟ್ ಘಟ್ಟದ ಮುಂದಿನ ಭದ್ರತಾ ತಿದ್ದುಪಡಿಗಳನ್ನು ಪಡೆಯಲಾರದು. ಕೊನೆಯದಾಗಿ, ಇಳಿಸಿದ ಇಮೇಜ್‌ನ ತಾರೀಕನ್ನು ಕೋಷ್ಟಕದಲ್ಲಿ ಯಂತ್ರದ ಕ್ರಮಸಂಖ್ಯೆಯ ಎದುರು ಬರೆದಿಡಬೇಕು. ಆರು ವಾರಗಳ ನಂತರ ಯಾರಾದರೂ ಧ್ವನಿ ಬರುತ್ತಿಲ್ಲವೆಂದು ಕರೆ ಮಾಡಿದಾಗ, ಅದು ಆ ಒಂದು ಯಂತ್ರದ ದೋಷವೋ ಆ ವಾರದ ಇಮೇಜ್ ಪಡೆದ ಎಲ್ಲ ಯಂತ್ರಗಳ ದೋಷವೋ ಎಂದು ಹೇಳಲು ನಿಮ್ಮ ಬಳಿ ಇರುವುದು ಆ ಒಂದು ಕಾಲಮ್ಮು ಮಾತ್ರ.